ಹಣೆಯ ಹಚ್ಚೆ

ಮಕ್ಕಳೇ, ಕೊಲಂಬೊ ಬಂದರಿನಲ್ಲಿ ಹಡಗಿಳಿದಾಗಿನಿಂದ ನನಗೆ ಹಣೆಯ ಹಚ್ಚೆಯದೇ ಚಿಂತೆ. ಅಷ್ಟು ಜನರಲ್ಲಿ ಇನ್ನಾರ ಹಣೆಯಲ್ಲೂ ಅದಿರಲಿಲ್ಲ. ನಿಮ್ಮ ತಾತ ತೀರಿಕೊಂಡಾಗ ಕುಂಕುಮ ಅಳಿಸಿದರು, ಹಚ್ಚೆ ಅಳಿಯುವಂಥದ್ದಲ್ಲ. ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡೆ. ಮೇಜಿನ ಮುಂದಿದ್ದ ಅಧಿಕಾರಿ ಸೆರಗು ಸರಿಸುವಂತೆ ಸನ್ನೆ ಮಾಡಿ, ಹಣೆಯನ್ನು ನೋಡಿ ನೋಡಿ ಕಾಗದದಲ್ಲಿ ಏನೋ ಬರೆದುಕೊಂಡ.

ಕರೆದೊಯ್ಯಲು ಬಂದಿದ್ದ ನಿಮ್ಮವ್ವ ಹೊರಗೆ ಕಾದಿದ್ದಳು. ನಾನು ಅವಳ ಗಲ್ಲ ಮುಟ್ಟುವ ಮೊದಲೇ, "ಸೆರಗ ಮುಂದುಕ್ಕೆ ಎಳ್ಕೊಳವ್ವ, ಎಲ್ರೂ ನೋಡ್ತಾವ್ರೆ" ಅಂದಳು.

ಅವಳ ಹಣೆ ಬೋಳಾಗಿತ್ತು. "ನಿನ್ನ ಹಚ್ಚೆ ಎಲ್ಲೇ?" ಅಂದೆ.

"ಪೌಡ್ರು ಬಳ್ಕಂಡಿವ್ನಿ ಕಣವ್ವ. ನಿಂಗೂ ತಂದಿವ್ನಿ."

ನಮ್ಮೂರು ಹೊಳಲಿನಲ್ಲಿ ಅವಳಿಗೆ ಹಚ್ಚೆ ಹುಯ್ಯಿಸಿದ ದಿನ, ಅಳುವ ಮಗುವನ್ನು ತೊಡೆಯ ಮೇಲೆ ಅದುಮಿ ಹಿಡಿದವಳು ನಾನೇ. ಈಗ ಅವಳು ಪೌಡರು ಬಳಿಯಲೆಂದು ಹಣೆಯೊಡ್ಡಿ ನಿಂತೆ.