ಬೇಡವಾದ ಹದಿನೇಳು ಫೋಟೋ

ಸ್ಟುಡಿಯೋಗೆ ಬರುವವರೆಲ್ಲ ಅವಳನ್ನು ಫೋಟೋ ಅಕ್ಕ ಅಂತಲೇ ಕರೆಯುತ್ತಿದ್ದರು. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವುದು, ಮೊಡವೆ ಅಳಿಸುವುದು, ಹಿನ್ನೆಲೆ ಬಿಳಿ ಮಾಡುವುದು, ಕತ್ತರಿಸಿ ಕವರಿಗೆ ಹಾಕುವುದು ಎಲ್ಲ ಅವಳದೇ. ಹನ್ನೆರಡು ವರ್ಷದಿಂದ ಅದೇ ಕುರ್ಚಿ, ಏಳು ವರ್ಷದಿಂದ ಅದೇ ಕಂಪ್ಯೂಟರ್. ಆ ಪುಣ್ಯಾತ್ಮ ಕಂಪ್ಯೂಟರೋ, ಬೆಳಿಗ್ಗೆ ಗುಂಡಿ ಒತ್ತಿದರೆ ಇವಳು ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ ಕಣ್ಣು ಬಿಡುತ್ತಿತ್ತು.

“ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸ್ಬಿಡಿ ಸಾರ್. ಹಳೇದನ್ನ ಕಂಪನಿಯವ್ರೇ ಕೈಬಿಟ್ಟಿದ್ದಾರೆ,” ಅಂದ ರಿಪೇರಿಯವನು.

ಸ್ಟುಡಿಯೋ ಯಜಮಾನರು ಒಪ್ಪಲಿಲ್ಲ. “ಇರಲಾರದೆ ಇರುವೆ ಬಿಟ್ಕೊಂಡ ಹಾಗಾಗುತ್ತೆ ಕಣಯ್ಯಾ. ನಡೀತಾ ಇದೆಯಲ್ಲ, ನಡೀಲಿ ಬಿಡು.”

ಕೊನೆಗೆ ಅವರಿಂದ ಹೂಂ ಅನ್ನಿಸಿದವಳು ಫೋಟೋ ಅಕ್ಕ. ಯಾಕೆ ಅಂತ ಅವರಿಬ್ಬರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಶಾಲೆಗೆ ಬೇಕು ಅಂತ ಮಗಳನ್ನು ಇದೇ ಸ್ಟೂಲಿನ ಮೇಲೆ ಕೂರಿಸಿದ್ದಳು. ಆರು ವರ್ಷದ ಚಿನಕುರಳಿ, ನೆಟ್ಟಗೆ ಕೂತರೆ ತಾನೆ! ಹದಿನೆಂಟು ತೆಗೆದದ್ದರಲ್ಲಿ ಒಂದು ಸರಿ ಬಂತು. ಉಳಿದ ಹದಿನೇಳನ್ನು ಡಿಲೀಟ್ ಮಾಡಿದಳು. ಮೂರು ತಿಂಗಳಾಗುವಷ್ಟರಲ್ಲಿ ಜ್ವರ ಬಂದು ಮಗುವೇ ಹೋಯಿತು. ಮನೆಯ ಗೋಡೆಯ ಮೇಲೆ ಈಗ ಆ ಸರಿ ಬಂದದ್ದಿದೆ. ಅದರಲ್ಲಿರುವುದು ಯಾರೋ ಗಂಭೀರವಾದ ಹುಡುಗಿ. ಬಸ್ ಓಡಿಸುವ ಗಂಡ ಅದರ ಕಡೆ ತಲೆ ಎತ್ತುವುದೂ ಇಲ್ಲ.

ಡಿಲೀಟ್ ಆದವು ಮಾತ್ರ ರೀಸೈಕಲ್ ಬಿನ್‌ನಲ್ಲಿ ಹಾಗೇ ಬಿದ್ದಿದ್ದವು. ಗಿರಾಕಿಗಳದ್ದಲ್ಲದ ಫೋಟೋಗಳನ್ನೆಲ್ಲ ಯಜಮಾನರು ತಿಂಗಳಿಗೊಮ್ಮೆ ಹುಡುಕಿ ಅಳಿಸುತ್ತಿದ್ದರು; ಆ ಕಸದ ಬುಟ್ಟಿಗೆ ಮಾತ್ರ ಯಾರ ಕಣ್ಣೂ ಬೀಳುತ್ತಿರಲಿಲ್ಲ. ಅದಕ್ಕಿಂತ ಭದ್ರವಾದ ಜಾಗ ಇಲ್ಲ ಅಂದುಕೊಂಡಳು ಮಹಾತಾಯಿ. ಪ್ರಿಂಟು ಹಾಕಿ ಮನೆಗೆ ಒಯ್ಯೋಣವೆಂದರೆ ಗಂಡನ ಎದೆ ಒಡೆದೀತೆಂಬ ಭಯ. ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದಾಗ ತೆರೆಯುವಳು. ಅಂಗೈಯಗಲದ ಚಿತ್ರಗಳು ಒಂದೊಂದೇ ಮೂಡುತ್ತಿದ್ದವು. ಇತ್ತೀಚೆಗೆ ಐದು ಬರುವಷ್ಟರಲ್ಲಿ ಯಜಮಾನರೇ ಬಂದುಬಿಡುತ್ತಿದ್ದರು. ಹೊಸದಾದರೆ ಹದಿನೇಳೂ ಚಕ್ಕನೆ ಬರುತ್ತವಲ್ಲ ಎಂಬ ಆಸೆ ಅವಳದು.

“ಫೋಟೋ ಒಂದೂ ಹೋಗಲ್ವಲ್ಲಪ್ಪಾ?” ಅಂತ ರಿಪೇರಿಯವನನ್ನು ಎರಡೆರಡು ಸಲ ಕೇಳಿದಳು.

“ಒಂದೂ ಹೋಗಲ್ಲ ಅಕ್ಕಾ.”

ಮಾರನೇ ದಿನ ಕಂಪ್ಯೂಟರ್ ಗುಂಡಿ ಒತ್ತುತ್ತಲೇ ಎದ್ದಿತು. ಗಿರಾಕಿಗಳ ಫೋಟೋ ಎಲ್ಲ ಇದ್ದವು. ಬಿನ್ ತೆರೆದಳು. ಖಾಲಿ.

“ಇದ್ರಲ್ಲಿ ಇದ್ದದ್ದು?” ಅಂತ ಪಕ್ಕದಲ್ಲಿ ನಿಂತಿದ್ದ ರಿಪೇರಿಯವನನ್ನು ಕೇಳಿದಳು.

“ಅಯ್ಯೋ, ಅದು ಕಸ ಅಲ್ವಾ ಅಕ್ಕಾ? ಅದನ್ನ ಯಾರು ಕಾಪಿ ಮಾಡ್ತಾರೆ! ಡಿಸ್ಕ್ ಪೂರ್ತಿ ಒರೆಸಿಯೇ ಹೊಸದು ಹಾಕಿರೋದು. ಇನ್ನು ಬ್ರಹ್ಮ ಬಂದ್ರೂ ಸಿಗಲ್ಲ.” ಅವಳ ಮುಖ ನೋಡಿ ದನಿ ತಗ್ಗಿಸಿದ. “ಬೇಕಾದ್ದೇನಾದ್ರೂ ಇತ್ತಾ?”

“ಇಲ್ಲ ಬಿಡಪ್ಪಾ,” ಅಂದಳು. ಅವನನ್ನು ಬೈಯುವುದಾದರೂ ಹೇಗೆ? ಬೇಕಾದ್ದನ್ನು ಕಸದಲ್ಲಿಟ್ಟವಳು ತಾನೇ ಅಲ್ಲವೇ. ಅವತ್ತು ಒಂಬತ್ತು ಜನರ ಫೋಟೋ ತೆಗೆದಳು. ನಗಬೇಡಿ, ನೇರ ನೋಡಿ ಅಂತ ಒಂಬತ್ತು ಸಲ ಹೇಳಿದಳು.

ಸಂಜೆ ಗಂಡ ಖಾಕಿ ಅಂಗಿ ಒಣಹಾಕುತ್ತಿದ್ದ. ಬಾಗಿಲಲ್ಲೇ ಕುಸಿದು ಕೂತು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಬೈಯುತ್ತಾನೆ ಅಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

“ಎರಡು ವರ್ಷ ಇದ್ವಾ?” ಅಂದ. “ನೀನು ದಿನಾ ನೋಡ್ತಿದ್ಯಾ?”

“ಹೂಂ.”

“ನಂಗೆ ಒಂದ್ಸಲಾನೂ ತೋರಿಸ್ಲಿಲ್ವಲ್ಲೇ.”

“ನೀವು ತಡ್ಕೊಳ್ಳಲ್ಲ ಅಂತ...”

ಅವನು ಒದ್ದೆ ಅಂಗಿ ಹಿಡಿದುಕೊಂಡೇ ಪಕ್ಕದಲ್ಲಿ ಕೂತ. “ಹೇಳು. ಒಂದೊಂದಾಗಿ ಹೇಳು. ಮೊದಲನೇದರಲ್ಲಿ ಏನ್ಮಾಡ್ತಿದ್ಲು?”

“ನಾಲಿಗೆ ಚಾಚಿದ್ಲು,” ಅಂದಳು. ಎರಡನೆಯದರಲ್ಲಿ ಒಂದೇ ಕಣ್ಣು ಮುಚ್ಚಿದ್ದಳು. ಮೂರರಲ್ಲಿ ಮೂಗು ಒರೆಸುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೇಳಿದ, ನಾಲ್ಕನೆಯದಕ್ಕೆ ನಕ್ಕೇಬಿಟ್ಟ. ಹನ್ನೊಂದರವರೆಗೆ ಹೇಳಿದಳು.

“ಆಮೇಲೆ?” ಅಂದ ಅವನು.

ಆಮೇಲಿನದು ಅವಳಿಗೆ ನೆನಪಾಗಲಿಲ್ಲ.