ಗೊಡ್ಡು ಎನ್ನದ ಡಾಕ್ಟ್ರು

ಮೊನ್ನೆ ದನಕ್ಕೆ ಹಾಕುವ ಖನಿಜ ಪುಡಿಯ ಹೊಸ ಪ್ಯಾಕೆಟ್ ಕತ್ತರಿಸಿದಾಗ ಸುಣ್ಣಕ್ಕೆ ತುಕ್ಕು ಬೆರೆಸಿದಂಥ ವಾಸನೆ ಬಂತು. ಕೂಡಲೇ ದನದ ಡಾಕ್ಟ್ರು ನೆನಪಾದರು. ಕುಂಬ್ಡಾಜೆಯ ನಮ್ಮ ಹಟ್ಟಿಗೆ ಆ ವಾಸನೆಯನ್ನು ಮೊದಲು ತಂದವರು ಅವರೇ.

ಶಿರಿಯದ ಕಡಲ ಬದಿಯವರು, ನಲವತ್ತು ದಾಟಿದ ಹೆಂಗಸು. ಅಂದು ಸ್ಕೂಟರನ್ನು ಕೆಳಗಿನ ರಸ್ತೆಯಲ್ಲೇ ನಿಲ್ಲಿಸಿ ಗುಡ್ಡ ಹತ್ತಿ ಬಂದಿದ್ದರು. ನನ್ನ ತವರಿನವರು ಕೊಟ್ಟ ಕಡಸು ಮೂರು ವರ್ಷ ಕಳೆದರೂ ಬೆದೆಗೆ ಬಂದಿರಲಿಲ್ಲ. ಮಾರುವುದೆಂದು ಮಾವ ನಿಶ್ಚಯಿಸಿಯಾಗಿತ್ತು. ನಾನು ಬೇಡಿಕೊಂಡದ್ದಕ್ಕೆ ಮೃಗಾಸ್ಪತ್ರೆಗೆ ಹೇಳಿ ಕಳಿಸಿದ್ದರು.

“ಗಂಡಸು ಡಾಕ್ಟ್ರು ಯಾರೂ ಇಲ್ಲವಾ ಅಲ್ಲಿ?” ಎಂದರು ಮಾವ.

“ದನಕ್ಕೆ ಅದೆಲ್ಲ ಇಲ್ಲ. ನೀವು ಬಾಲ ಹಿಡ್ಕೊಳ್ಳಿ,” ಎನ್ನುತ್ತ ಅವರು ಭುಜದವರೆಗೆ ಕೈಗವಸು ಏರಿಸಿಕೊಂಡರು. ಮಾವ ಬಾಲ ಹಿಡಿದರು. ಡಾಕ್ಟ್ರು ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ, ತುಂಬ ಹೊತ್ತು ತಡವಿ ನೋಡಿದರು.

“ಗೊಡ್ಡು ಅಂತ ಒಂದು ಮಾತು ಹೇಳಿ, ಸಾಕು,” ಎಂದರು ಮಾವ.

“ಗೊಡ್ಡಲ್ಲ ಇದು. ಗರ್ಭಕೋಶ ಸರಿ ಉಂಟು. ಅಂಡಾಶಯ ಇನ್ನೂ ಕೆಲಸ ಸುರು ಮಾಡ್ಲಿಲ್ಲ, ಅಷ್ಟೆ. ತಿನ್ನಲಿಕ್ಕೆ ಎಂತ ಹಾಕ್ತೀರಿ?”

“ಬೈಹುಲ್ಲು. ಹಾಲು ಕೊಡದ್ದಕ್ಕೆ ಹಿಂಡಿ ಯಾಕೆ?”

“ಹೊಟ್ಟೆಗೆ ಹಾಕದೆ ಗೊಡ್ಡು ಅಂತ ಹೆಸರಿಡುವುದಾ ಮಾರಾಯ್ರೆ?”

ಮಾವ ಬಾಲ ಬಿಟ್ಟರು. ಮದುವೆಯಾಗಿ ನಾಲ್ಕು ವರ್ಷವಾಗಿದ್ದ ನನ್ನನ್ನೂ ಆ ಮನೆಯಲ್ಲಿ ಅದೇ ಹೆಸರಿನಿಂದ ಕರೆಯತೊಡಗಿದ್ದರು. ಡಾಕ್ಟ್ರಿಗೆ ಅದು ಗೊತ್ತಿರಲಿಲ್ಲ...

ಹುಳದ ಮದ್ದು, ಪುಡಿ, ದಿನಾ ಹಿಂಡಿ. ಎರಡು ತಿಂಗಳಾದರೂ ಬೆದೆಯಿಲ್ಲ. ಹಾರ್ಮೋನಿನ ಇಂಜೆಕ್ಷನ್ ಕೊಟ್ಟ ಮೇಲೆ ಬಂತು, ಆದರೆ ಡಾಕ್ಟ್ರು ಕೃತಕ ಗರ್ಭಧಾರಣೆ ಮಾಡಿದರೂ ಗಬ್ಬ ನಿಲ್ಲಲಿಲ್ಲ. ಆ ವಾರವೇ ಮಾವ ದಲ್ಲಾಳಿಯ ಪಿಕಪ್ ಕರೆಸಿದರು. ನಾನು ಹಗ್ಗವನ್ನು ಕೈಗೆ ಸುತ್ತಿಕೊಂಡು ಹಟ್ಟಿಯ ಬಾಗಿಲಲ್ಲಿ ನಿಂತು ಡಾಕ್ಟ್ರಿಗೆ ಫೋನ್ ಮಾಡಿದೆ.

“ಒಂದು ಸಲ ನಿಲ್ಲದಿದ್ದರೆ ಇನ್ನೊಂದು ಸಲ ನೋಡುವ. ನೀವು ಹಗ್ಗ ಬಿಡ್ಬೇಡಿ,” ಎಂದರು.

“ಕೊಡುವುದಿಲ್ಲ,” ಎಂದೆ ಮಾವನಿಗೆ. ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಕೆಳಗಿನ ರಸ್ತೆಯಲ್ಲಿ ನಿಂತಿದ್ದ ಪಿಕಪ್ ಖಾಲಿಯಾಗಿಯೇ ಹೋಯಿತು.

ಮೂರು ವಾರದೊಳಗೆ ಕಡಸು ತಾನಾಗಿಯೇ ಬೆದೆಗೆ ಬಂತು. ರಜಾದಿನವಾದರೂ ಡಾಕ್ಟ್ರು ಬಂದರು. ಆ ಸಲ ನಿಂತಿತು. ಹೆಣ್ಣು ಕರು ಹುಟ್ಟುವಷ್ಟರಲ್ಲಿ ಅವರಿಗೆ ತೆಂಕಲಾಗಿ ಯಾವುದೋ ಜಿಲ್ಲೆಗೆ ವರ್ಗವಾಗಿತ್ತು, ಫೋನ್ ನಂಬರೂ ಬದಲಾಗಿತ್ತು. ಕರುವಿನ ಸುದ್ದಿ ಅವರಿಗೆ ಮುಟ್ಟಲೇ ಇಲ್ಲ.

ನನಗೆ ಮಕ್ಕಳಾಗಲಿಲ್ಲ. ಗೊಡ್ಡು ಎಂದು ಕರೆದರೆ ನಾನು ಓಗೊಡುವುದನ್ನು ಹಗ್ಗ ಹಿಡಿದು ನಿಂತ ದಿನವೇ ಬಿಟ್ಟಿದ್ದೆ. ಕರೆಯುವವರಿಗೇ ಸಾಕಾಯಿತು.

ಡಾಕ್ಟ್ರು ತೀರಿಕೊಂಡು ಎರಡು ವರ್ಷವಾಯಿತೆಂದು ನಿನ್ನೆ ಆಸ್ಪತ್ರೆಯ ಅಟೆಂಡರ್ ಹೇಳಿದರು. ಅವರಿಗೆ ಹೇಳಬೇಕಾದದ್ದನ್ನು ಇನ್ನು ಯಾರಿಗೂ ಹೇಳುವಂತಿಲ್ಲ... ಕೆಳಗಿನ ಮನೆಯಲ್ಲಿ ಒಂದು ಕಡಸು ಗೊಡ್ಡೆಂಬ ಹೆಸರು ಹೊತ್ತು ವರ್ಷದಿಂದ ಬರೀ ಹುಲ್ಲು ತಿಂದುಕೊಂಡು ನಿಂತಿದೆ. ಇವತ್ತು ಸಂಜೆ ಅಲ್ಲಿಗೆ ಹೋಗಿ ಜಗಳ ಮಾಡುವುದಿದೆ.