ಟಿವಿ ರೇಸೂ ಎಸ್ಟೇಟಿನ ಆನೆಯೂ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಂಥ! ಮೈಸೂರಿನಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಕಾರ್ ರೇಸಿನ ವಿಡಿಯೋ ಗೇಮು ನಮ್ಮ ಮನೆಯ ಟಿವಿಗೂ ಬಂದಾಗ, ಇಡೀ ಭಾನುವಾರ ಆಡಿ ಸೊಸೆಯನ್ನೇ ಸೋಲಿಸಿದೆ. ಅದರಲ್ಲಿ ಗುದ್ದಿದರೂ ಕಾರು ಮತ್ತೆ ರಸ್ತೆಗೆ ಬರುತ್ತಿತ್ತು.

ಸಂಜೆ ಹೆಂಡತಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಸಿದ್ದಾಪುರಕ್ಕೆ ಹೊರಟೆ. ಕಾಫಿ ಎಸ್ಟೇಟಿನ ತಿರುವಿನಲ್ಲಿ ಒಂಟಿ ಆನೆ! ನನ್ನ ಕಾಲು ಬ್ರೇಕಿಗೆ ಹೋಗಲೇ ಇಲ್ಲ. ಹೆಬ್ಬೆರಳು ಸ್ಟೇರಿಂಗಿನ ಮೇಲೆ ಆಟದ ಗುಂಡಿ ಹುಡುಕುತ್ತಿತ್ತು.

"ಇದು ಟಿವಿ ಅಲ್ಲ ಮಾರಾಯ್ರೆ!" ಎಂದು ಕಿರುಚಿ ಅವಳೇ ಹ್ಯಾಂಡ್‌ಬ್ರೇಕ್ ಎಳೆದಳು.

ಜೀಪು ಆನೆಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಎಂಜಿನ್ ಆರಿಸಿ, ಉಸಿರು ಬಿಗಿಹಿಡಿದು ಕೂತೆವು. ಅದರ ಸೊಂಡಿಲು ಗಾಜನ್ನು ಮೆಲ್ಲಗೆ ಸವರಿತು. ಕೊನೆಗೆ ಅದು ಕಾಫಿ ಗಿಡಗಳೊಳಗೆ ಇಳಿಯಿತು.

ಇದರಲ್ಲಿ ಒಂದೇ ಒಂದು ಸುಳ್ಳಿದೆ: ಸೊಸೆಯನ್ನು ಸೋಲಿಸಿದ್ದು.